ಮಕ್ಕಳ ಪ್ರಕಟ ವಾಚನ

ನಮ್ಮ ಯಾವ ಕನ್ನಡ ಪ್ರಾಥಮಿಕ ಶಾಲೆಯ ಮೊಗಸಾಲೆಯಲ್ಲಿ ಬೇಕಾದರೂ ಭಾಷೆಯ ತಾಸಿನ ಹೊತ್ತಿಗೆ ನಡೆದುಹೋಗಿರಿ. ಒಂದು ರಾಗವು ನಿಮ್ಮನ್ನು ಹಿಂಬಾಲಿಸುವುದು. ಎರಡನೆಯ ಇಯತ್ತೆಯಲ್ಲಿ ಬಾಯಾರಿದ ಕಾಗೆಯ ಕಥೆಯಿರಬಹುದು, ಮೂರನೆಯದರಲ್ಲಿ ಮಹಾಪುರುಷರೊಬ್ಬರ ಬಾಲ್ಯವಿರಬಹುದು, ನಾಲ್ಕನೆಯದರಲ್ಲಿ ನೀರಿನ ಉಳಿತಾಯದ ಪಾಠವಿರಬಹುದು. ರಾಗ ಮಾತ್ರ ಒಂದೇ. ಸಾಲಿನ ಆರಂಭದಲ್ಲಿ ದನಿ ಏರುತ್ತದೆ, ನಡುವೆ ಚಪ್ಪಟೆಯಾಗುತ್ತದೆ, ಸಾಲು ಮುಗಿಯುವಲ್ಲಿ ಕೊನೆಯ ಅಕ್ಷರವು ರಬ್ಬರಿನಂತೆ ಎಳೆದುಕೊಳ್ಳುತ್ತದೆ. ವಾಕ್ಯವು ಮುಗಿದಿದೆಯೋ ಇಲ್ಲವೋ ಎಂಬ ವಿಚಾರ ಅಲ್ಲಿಲ್ಲ. ಅಚ್ಚಿನ ಸಾಲು ಮುಗಿಯಿತೆಂದರೆ ಉಸಿರೂ ಮುಗಿಯಬೇಕು. ಕಾಗೆಗೆ ನೀರು ಸಿಕ್ಕಿತೆಂಬ ಸಂತೋಷವೂ ಇಲ್ಲ, ಸಿಕ್ಕದೆ ಹೋದರೆ ಎಂಬ ಆತಂಕವೂ ಇಲ್ಲ. ತಪಾಸಣೆಗೆ ಬಂದ ಅಧಿಕಾರಿಗಳು ಇದನ್ನು ಕೇಳಿ, ಮಕ್ಕಳು ಚೆನ್ನಾಗಿ ಓದುತ್ತಾರೆಂದು ವಹಿಯಲ್ಲಿ ಬರೆದು ಹೋಗುವುದುಂಟು. ಅಕ್ಷರಗಳನ್ನು ಕಂಡು ಅವುಗಳ ಸದ್ದನ್ನು ಹೊರಡಿಸುವುದೇ ಓದು ಎನ್ನುವುದಾದರೆ ಅವರು ಬರೆದದ್ದು ಸರಿ. ನನಗೆ ಅದು ಒಪ್ಪಿಗೆಯಿಲ್ಲ.

ಅದೇ ಮಗುವು ಸಣ್ಣ ರಜೆಯಲ್ಲಿ ಗೆಳತಿಯೊಡನೆ ಮಾತಾಡುವುದನ್ನು ಕೇಳಬೇಕು. ನಿನ್ನೆ ಚಾಳಿನಲ್ಲಿ ನಡೆದ ಜಗಳವನ್ನು ವರ್ಣಿಸುವಾಗ ಆಕೆಯ ದನಿಯಲ್ಲಿ ಎಷ್ಟು ಏರಿಳಿತ, ಎಷ್ಟು ಅನುಕರಣ, ಎಲ್ಲಿ ನಿಲ್ಲಬೇಕೋ ಅಲ್ಲಿ ಎಂತಹ ನಿಲುಗಡೆ! ಭಾವವು ಮಗುವಿನಲ್ಲಿ ಇಲ್ಲವೆಂದು ಯಾರೂ ಹೇಳಲಾರರು. ಪುಸ್ತಕವನ್ನು ಕೈಗೆ ಕೊಟ್ಟೊಡನೆ ಅದು ಎಲ್ಲಿ ಅಡಗಿಕೊಳ್ಳುತ್ತದೆಂಬುದೇ ನಾವು ಅಧ್ಯಾಪಕರು ವಿಚಾರ ಮಾಡಬೇಕಾದ ಸಂಗತಿ.

ಮೊದಲನೆಯ ಕಾರಣವು ಸಾಮೂಹಿಕ ಓದು. ಗುರುಗಳು ಒಂದು ಸಾಲು ಹೇಳುವುದು, ವರ್ಗವೆಲ್ಲವೂ ಕೂಡಿ ಅದನ್ನು ಮರಳಿ ಹೇಳುವುದು. ನಲವತ್ತು ಮಕ್ಕಳು ಒಂದೇ ಬಾಯಿಂದ ಓದಬೇಕಾದರೆ ಎಲ್ಲರಿಗೂ ಒಂದು ತಾಳ ಬೇಕಾಗುತ್ತದೆ. ಆ ತಾಳವೇ ರಾಗವಾಗಿ ಗಟ್ಟಿಯಾಗುತ್ತದೆ. ಹಾಡಿಗೆ ಇದು ಬೇಕು, ಮಗ್ಗಿಗೂ ಸಲ್ಲಬಹುದು. ಗದ್ಯಕ್ಕೆ ಸಲ್ಲದು. ಹಿಂದಿನ ಸಾಲಿನಲ್ಲಿ ಕುಳಿತ ಹುಡುಗನು ತುಟಿಗಳನ್ನು ಆಡಿಸುತ್ತ, ಪುಸ್ತಕದ ಬೇರೊಂದು ಪುಟವನ್ನೇ ತೆರೆದಿಟ್ಟುಕೊಂಡು ಮೂರು ವರ್ಷಗಳನ್ನು ಕಳೆಯುವುದು ಇದರಿಂದ ಸಾಧ್ಯವಾಗುತ್ತದೆ. ಆತನಿಗೆ ಓದಲು ಬರುವುದಿಲ್ಲವೆಂಬುದು ಐದನೆಯ ಇಯತ್ತೆಯಲ್ಲಿ ಗೊತ್ತಾದಾಗ ಎಲ್ಲರಿಗೂ ಆಶ್ಚರ್ಯ!

ಮುಂಬಯಿಯಲ್ಲಿ ಕನ್ನಡ ಕಲಿಸುವವರಿಗೆ ಇನ್ನೊಂದು ವಿಶೇಷವಾದ ತೊಡಕುಂಟು. ಊರಿನ ಶಾಲೆಗಳಲ್ಲಿ ಪಾಠ ಹೇಳುವವರಿಗೆ ಇದು ಅಷ್ಟಾಗಿ ತಿಳಿಯಲಾರದು. ನಮ್ಮ ವರ್ಗದ ಒಂದೇ ಬೆಂಚಿನ ಮೇಲೆ ಮನೆಯಲ್ಲಿ ತುಳು ಆಡುವ ಮಗು, ಕೊಂಕಣಿಯ ಮಗು, ಲಂಬಾಣಿಯ ಮಗು, ಕಲಬುರಗಿ ಯಾದಗಿರಿಗಳ ಕನ್ನಡವನ್ನಾಡುವ ಮಗು ಒತ್ತಾಗಿ ಕುಳಿತಿರುತ್ತವೆ. ಬೀದಿಗಿಳಿದರೆ ಎಲ್ಲರಿಗೂ ಹಿಂದಿ. ಶಾಲೆಯಲ್ಲಿ ಕನ್ನಡದ ಜೊತೆಗೆ ಮರಾಠಿ, ಇಂಗ್ಲಿಷುಗಳ ಓದು. ಇದರಿಂದ ಲಾಭವೂ ಇದೆಯೆಂಬುದನ್ನು ಮೊದಲು ಹೇಳಿಬಿಡಬೇಕು. ಮಹಾಪ್ರಾಣಗಳನ್ನು ನಮ್ಮ ಮುಂಬಯಿಯ ಮಕ್ಕಳು ಸೊಗಸಾಗಿ ಉಚ್ಚರಿಸುತ್ತಾರೆ. ‘ಭಾರ’ಕ್ಕೂ ‘ಬಾರ’ಕ್ಕೂ ಭೇದವನ್ನು ಅವರಿಗೆ ಹಿಂದಿಯೂ ಮರಾಠಿಯೂ ಕಲಿಸಿವೆ. ಮರಾಠಿಯಲ್ಲಿ ಳಕಾರವಿರುವುದರಿಂದ ಅದೂ ಅವರ ನಾಲಗೆಗೆ ಹೊಸದಲ್ಲ.

ತೊಂದರೆಯಿರುವುದು ಪದದ ಕೊನೆಯ ಸ್ವರದಲ್ಲಿ. ನಾಗರಿ ಲಿಪಿಯಲ್ಲಿ ‘ರಾಮ’ ಎಂದು ಬರೆದುದನ್ನು ಹಿಂದಿಯವರೂ ಮರಾಠಿಯವರೂ ‘ರಾಮ್’ ಎಂದು ಓದುತ್ತಾರೆ. ಆ ಭಾಷೆಗಳಿಗೆ ಅದೇ ಸರಿ. ಆ ಅಭ್ಯಾಸವನ್ನು ಮಗುವು ಕನ್ನಡ ಪುಸ್ತಕಕ್ಕೂ ತರುತ್ತದೆ. ಕನ್ನಡದಲ್ಲಾದರೋ ಕೊನೆಯ ಸ್ವರವು ಬರಿಯ ಅಲಂಕಾರವಲ್ಲ. ‘ಬಂದ’ ಎಂದರೆ ಅವನು, ‘ಬಂದೆ’ ಎಂದರೆ ನಾನು, ‘ಬಂದು’ ಎಂದರೆ ಮಾತು ಇನ್ನೂ ಮುಗಿದಿಲ್ಲ. ಮೂರನ್ನೂ ‘ಬಂದ್’ ಎಂದು ಓದಿದ ಮಗುವಿಗೆ ಬಂದವರು ಯಾರು, ಬಂದು ಏನು ಮಾಡಿದರು ಎಂಬುದೇ ಕೈತಪ್ಪಿಹೋಗುತ್ತದೆ. ಅರ್ಥ ತಪ್ಪಿದ ಮೇಲೆ ಭಾವ ಎಲ್ಲಿಂದ ಬರಬೇಕು? ನಾವು ‘ಭಾವ ತುಂಬಿ ಓದು’ ಎಂದು ಗದರಿಸುತ್ತೇವೆ. ಮಗುವು ದನಿಯನ್ನು ಇನ್ನಷ್ಟು ಏರಿಸಿ ಅದೇ ರಾಗವನ್ನು ಹಾಡುತ್ತದೆ.

ಇದಕ್ಕೆ ಔಷಧವು ಪದ್ಯದಲ್ಲಿದೆಯೆಂದು ನನ್ನ ಅನುಭವ. ಮಾತ್ರೆಯ ಲೆಕ್ಕದಲ್ಲಿ ನಡೆಯುವ ಶಿಶುಗೀತದಲ್ಲಿ ಒಂದು ಸ್ವರ ನುಂಗಿದರೂ ಕಾಲು ತಪ್ಪಿದಂತಾಗಿ, ಕೈಚಪ್ಪಾಳೆ ಹಾಕುತ್ತಿರುವ ಮಗುವಿಗೆ ತಾನಾಗಿಯೇ ತಿಳಿಯುತ್ತದೆ. ಪಂಜೆ ಮಂಗೇಶರಾಯರು (1874–1937) ಸ್ವತಃ ಮಾಸ್ತರರಾಗಿದ್ದವರು, ಶಾಲೆಗಳ ತನಿಖೆಯ ಅಧಿಕಾರಿಯಾಗಿಯೂ ಇದ್ದವರು. ಅವರ ಮಕ್ಕಳ ಪದ್ಯಗಳು ಕಣ್ಣಿಗಿಂತ ಬಾಯಿಗಾಗಿ ಹುಟ್ಟಿದವು. ಜಿ. ಪಿ. ರಾಜರತ್ನಂ ಅವರ ಶಿಶುಗೀತಗಳೂ ಹಾಗೆಯೇ. ಇನ್ನು ಕುವೆಂಪು ಅವರು ಬ್ರೌನಿಂಗ್ ಕವಿಯ ಇಂಗ್ಲಿಷ್ ಕವಿತೆಯನ್ನು ಆಧರಿಸಿ ಬರೆದ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ನಾಲ್ಕನೆಯ ಇಯತ್ತೆಯ ಮಕ್ಕಳಿಗೆ ಒಮ್ಮೆ ನೀವೇ ಗಟ್ಟಿಯಾಗಿ ಓದಿ ತೋರಿಸಿರಿ. ಇಲಿಗಳ ಗದ್ದಲವೂ ಜೋಗಿಯ ನಡಿಗೆಯೂ ಕೊನೆಗೆ ಹಿಂದುಳಿದ ಕುಂಟ ಹುಡುಗನ ಸಂಕಟವೂ ಬೇರೆ ಬೇರೆ ದನಿಗಳನ್ನು ಬೇಡುತ್ತವೆಂಬುದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಗದ್ಯದಲ್ಲಿ ಕನ್ನಡವು ನಮಗೆ ಮತ್ತೊಂದು ಉಪಕಾರ ಮಾಡಿದೆ. ಬೇರೆ ಕೆಲವು ಭಾಷೆಗಳಲ್ಲಿ ಓದುಗನು ಊಹಿಸಿ ಒತ್ತು ಕೊಡಬೇಕಾದ ಕಡೆಯಲ್ಲಿ ಕನ್ನಡವು ಆ ಒತ್ತನ್ನು ಅಕ್ಷರದಲ್ಲಿಯೇ ಬರೆದಿಟ್ಟಿರುತ್ತದೆ. ‘ನೀನು ಬಂದೆ’, ‘ನೀನೇ ಬಂದೆ’, ‘ನೀನೂ ಬಂದೆ’, ‘ನೀನು ಬಂದೆಯಾ’, ‘ನೀನೋ ಬಂದೆ’: ಒಂದೊಂದು ಸ್ವರ ಬದಲಾದಂತೆ ಮುಖವೇ ಬದಲಾಗುತ್ತದೆ. ಇವನ್ನು ಕರಿಹಲಗೆಯ ಮೇಲೆ ಬರೆದು, ಒಬ್ಬೊಬ್ಬರಿಗೆ ಒಂದೊಂದನ್ನು ಕೊಟ್ಟು, ಬಾಗಿಲಲ್ಲಿ ನಿಂತ ಗೆಳೆಯನನ್ನು ನೋಡಿ ಹೇಳೆಂದರೆ ಸಾಕು. ಹತ್ತು ನಿಮಿಷಗಳಲ್ಲಿ ರಾಗವು ಮಾಯವಾಗುತ್ತದೆ. ಅಂತೆಯೇ ನಿಲುಗಡೆಯ ವಿಷಯ. ‘ಬೇಡ ಹೋಗು’ ಎಂಬ ಎರಡೇ ಪದಗಳನ್ನು ಕೊಟ್ಟು ನೋಡಿರಿ. ಒಂದು ರೀತಿಯಲ್ಲಿ ಓದಿದರೆ ಯಾರೋ ಏನನ್ನೋ ನಿರಾಕರಿಸಿದಂತೆ. ಮೊದಲ ಪದವನ್ನು ಕೂಗಿ ಕರೆದಂತೆ ಓದಿದರೆ ಕಾಡಿನ ಬೇಡನನ್ನು ಎಲ್ಲಿಗೋ ಕಳಿಸಿದಂತೆ. ಮಕ್ಕಳು ಇದನ್ನು ಕೇಳಿ ಬಿದ್ದು ಬಿದ್ದು ನಗುತ್ತಾರೆ. ಆ ನಗುವಿನೊಳಗೆ ವಿರಾಮಚಿಹ್ನೆಗಳ ಪಾಠವು ಮುಗಿದಿರುತ್ತದೆ.

ಈಗ ಸ್ವಲ್ಪ ನಾಜೂಕಾದ ಸಂಗತಿಗೆ ಬರಬೇಕು. ಉತ್ತರ ಕರ್ನಾಟಕದಿಂದ ಕಟ್ಟಡದ ಕೆಲಸಕ್ಕೆಂದು ಬಂದವರ ಮಗಳೊಬ್ಬಳು ಎದ್ದು ನಿಂತು, ‘ಮನೆ’ ಎಂದು ಬರೆದಿರುವಲ್ಲಿ ‘ಮನಿ’ ಎಂದು ಓದುತ್ತಾಳೆ. ವರ್ಗವು ನಗುತ್ತದೆ. ಕರಾವಳಿಯ ಕಡೆಯ ಗುರುಗಳಾದರೆ ಅವರ ತುಟಿಯಲ್ಲಿಯೂ ಒಂದು ಎಳೆ ನಗು ಹಾದುಹೋಗುತ್ತದೆ. ಆಕೆ ಅರ್ಧಕ್ಕೆ ನಿಲ್ಲುತ್ತಾಳೆ. ‘ಅಕ್ಕೋರೇ, ನನಗ ಬರಂಗಿಲ್ರಿ’ ಎಂದು ಕುಳಿತುಬಿಡುತ್ತಾಳೆ. ವಾಸ್ತವವಾಗಿ ಆಕೆಗೆ ಓದಲು ಬಂದಿತ್ತು. ಅಕ್ಷರವನ್ನು ಕಂಡು, ಪದವನ್ನು ಗುರುತಿಸಿ, ಅದರ ಅರ್ಥವನ್ನು ತನ್ನ ತಾಯಿಯ ನುಡಿಯಲ್ಲಿ ಹೇಳಿದ್ದಳು. ಓದಿನ ಮೂರು ಮೆಟ್ಟಿಲುಗಳನ್ನು ಹತ್ತಿದ ಮಗುವನ್ನು ನಾವು ನಾಲ್ಕನೆಯದಕ್ಕಾಗಿ ಕೆಳಗೆ ತಳ್ಳಿದೆವು. ತಪ್ಪು ಓದಿಗೂ ಮನೆಯ ಉಚ್ಚಾರಕ್ಕೂ ಇರುವ ಅಂತರವನ್ನು ಅಧ್ಯಾಪಕನು ತಿಳಿದಿರಲೇಬೇಕು. ‘ಮನೆ’ ಎಂಬುದನ್ನು ‘ಮಾನ’ ಎಂದರೆ ತಿದ್ದಬೇಕು, ಅದೂ ವಾಕ್ಯ ಮುಗಿದ ಮೇಲೆ. ‘ಮನಿ’ ಎಂದರೆ ಆ ದಿನಕ್ಕೆ ಬಿಟ್ಟುಬಿಡಬೇಕು. ಗ್ರಂಥದ ಉಚ್ಚಾರವು ಗುರುಗಳ ಓದನ್ನು ದಿನವೂ ಕೇಳುತ್ತ ಕೇಳುತ್ತ ವರ್ಷದೊಳಗೆ ತಾನಾಗಿ ಬರುವುದು. ಮುರಿದ ಧೈರ್ಯವು ಹಾಗೆ ತಾನಾಗಿ ಬರುವುದಿಲ್ಲ. ಧಾರವಾಡ, ಮಂಗಳೂರು, ಮೈಸೂರುಗಳ ಕನ್ನಡವೆಲ್ಲವೂ ಒಂದೇ ಕೊಠಡಿಯಲ್ಲಿ ಕೇಳಿಬರುವ ಭಾಗ್ಯವು ಈ ನಗರದ ಶಾಲೆಗಳಿಗೆ ಸಿಕ್ಕಿದೆ. ಅದನ್ನು ಪರಿಹಾಸ್ಯಕ್ಕೆ ವ್ಯಯಮಾಡುವುದು ದಡ್ಡತನ.

ಗಟ್ಟಿಯಾಗಿ ಓದುವುದು ನಮಗೆ ಪರದೇಶದಿಂದ ಬಂದ ವಿದ್ಯೆಯಲ್ಲ. ನಾಲ್ಕನೆಯ ಶತಮಾನದ ಮಿಲಾನಿನಲ್ಲಿ ಧರ್ಮಗುರು ಆಂಬ್ರೋಸನು ತುಟಿಯಾಡಿಸದೆ ಓದುತ್ತಿದ್ದುದನ್ನು ಸಂತ ಅಗಸ್ಟೀನನು ವಿಶೇಷವೆಂಬಂತೆ ಬರೆದಿಟ್ಟಿದ್ದಾನೆ. ನಮ್ಮಲ್ಲಂತೂ ಕಾವ್ಯವು ಸಭೆಯಲ್ಲಿ ಕೇಳುವ ವಸ್ತುವಾಗಿಯೇ ಬಾಳಿತು. ಗಮಕದಲ್ಲಿ ಒಬ್ಬರು ಓದುವರು, ಇನ್ನೊಬ್ಬರು ಅರ್ಥವನ್ನು ವಿವರಿಸುವರು. ಕುಮಾರವ್ಯಾಸನ ಭಾಮಿನಿ ಷಟ್ಪದಿಯ ಮೂರು ನಾಲ್ಕು ಮಾತ್ರೆಗಳ ನಡೆಯನ್ನು ಕೆಡಿಸದೆ, ಪದಗಳನ್ನು ಅರ್ಥಕ್ಕೆ ತಕ್ಕಂತೆ ಒಡೆದು, ರಾಗವು ಮಾತನ್ನು ನುಂಗದಂತೆ ಹಿಡಿದು ಓದುವುದೇ ಗಮಕಿಯ ಸಾಮರ್ಥ್ಯ. ಶಿವಮೊಗ್ಗದ ಬಳಿ ತುಂಗೆಯ ದಡದಲ್ಲಿರುವ ಹೊಸಹಳ್ಳಿಯು ಈ ಕಲೆಗೆ ಹೆಸರಾದ ಊರು. ಆ ಊರಿನ ಎಚ್. ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಾಗ ಚೆನ್ನಾಗಿ ಓದುವುದಕ್ಕೂ ರಾಷ್ಟ್ರದ ಗೌರವವುಂಟೆಂದು ಅನೇಕರಿಗೆ ತಿಳಿಯಿತು. ಕರಾವಳಿಯವರ ತಾಳಮದ್ದಳೆಯಾದರೋ ಮುಂಬಯಿಯಲ್ಲಿಯೇ ಮನೆಮಾಡಿಕೊಂಡಿದೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದವೊಂದು ಮುಗಿದೊಡನೆ ಅರ್ಥಧಾರಿಯು ಕುಳಿತಲ್ಲಿಯೇ ಮಾತಿನಿಂದ ಕರ್ಣನನ್ನೋ ರಾವಣನನ್ನೋ ಎದುರಿಗೆ ತಂದು ನಿಲ್ಲಿಸಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು (1918–2006) ಆ ಮಾತಿನ ಬಲದಿಂದಲೇ ಇರುಳೆಲ್ಲ ಜನರನ್ನು ಕೂರಿಸಿದರು. ನಮ್ಮ ಶಾಲೆಯ ಎಷ್ಟೋ ಮಕ್ಕಳ ತಂದೆಯರು ಹೋಟೆಲಿನ ಕೆಲಸ ಮುಗಿಸಿ ಇಂಥ ಕೂಟಗಳಿಗೆ ಹೋಗುವವರು. ಅವರೊಡನೆ ಮಗುವೂ ಹೋಗಿ ಒಂದು ತಾಸು ಕೇಳಿದರೆ, ಅರ್ಥವು ದನಿಯನ್ನು ನಡೆಸುವ ಬಗೆಯು ನಮ್ಮ ಹತ್ತು ಪಾಠಗಳಿಗಿಂತ ಚೆನ್ನಾಗಿ ತಿಳಿಯುವುದು.

ಆದರೆ ಏಳು ವರ್ಷದ ಮಗುವನ್ನು ಗಮಕಿಯನ್ನಾಗಿಯೋ ಅರ್ಥಧಾರಿಯನ್ನಾಗಿಯೋ ಮಾಡಹೊರಡುವುದು ಬೇಡ. ಇಲ್ಲಿ ನಮ್ಮ ಕಂಠಪಾಠದ ಸ್ಪರ್ಧೆಗಳ ವಿಷಯದಲ್ಲಿ ಎರಡು ಮಾತು ಹೇಳಿದರೆ ಸಹೋದ್ಯೋಗಿಗಳು ಬೇಸರಿಸಬಾರದು. ಸ್ನೇಹಸಮ್ಮೇಳನಕ್ಕೆ ತಿಂಗಳ ಮುಂಚೆ ಮೂವರು ‘ಜಾಣ’ ಮಕ್ಕಳನ್ನು ಆರಿಸುತ್ತೇವೆ. ಯಾರೋ ಹಿರಿಯರು ಬರೆದುಕೊಟ್ಟ ಭಾಷಣವನ್ನು ಅವರಿಗೆ ಬಾಯಿಪಾಠ ಮಾಡಿಸುತ್ತೇವೆ. ಈ ಪದಕ್ಕೆ ಬಲಗೈ ಎತ್ತು, ಆ ಪದಕ್ಕೆ ಎದೆ ಮುಟ್ಟಿಕೊ ಎಂದು ತಿದ್ದುತ್ತೇವೆ. ವೇದಿಕೆಯ ಮೇಲೆ ಆ ಮಗುವು ಗೊಂಬೆಯಂತೆ ಅಭಿನಯಿಸಿ ಚಪ್ಪಾಳೆ ಗಿಟ್ಟಿಸುತ್ತದೆ. ಅದೇ ಮಗುವಿಗೆ ಮರುದಿನ ಹೊಸ ಪುಟವೊಂದನ್ನು ಕೊಟ್ಟರೆ ಹಳೆಯ ರಾಗವೇ ಹೊರಡುತ್ತದೆ. ಉಳಿದ ಮೂವತ್ತೇಳು ಮಕ್ಕಳು ಆ ತಿಂಗಳಿಡೀ ಕಲಿತದ್ದು ಒಂದೇ: ತಾವು ವೇದಿಕೆಯ ಮಕ್ಕಳಲ್ಲವೆಂಬುದು. ಬಹುಮಾನದ ಬಟ್ಟಲುಗಳ ಮೇಲೆ ನನಗೆ ದ್ವೇಷವಿಲ್ಲ. ಓದು ಕಲಿಸುವ ಕೆಲಸಕ್ಕೂ ಅವಕ್ಕೂ ಸಂಬಂಧ ಕಡಿಮೆಯೆಂದಷ್ಟೇ ನನ್ನ ಮಾತು.

ಧೈರ್ಯವು ಅಭ್ಯಾಸದಿಂದ ಬರತಕ್ಕದ್ದು. ಅಭ್ಯಾಸಕ್ಕೆ ಸ್ಥಳ ಬೇಕು. ಹತ್ತಡಿ ಹನ್ನೆರಡಡಿಯ ಒಂದೇ ಕೋಣೆಯಲ್ಲಿ ಆರು ಜನರಿರುವ ಸಂಸಾರದಲ್ಲಿ ಮಗುವು ಎಲ್ಲಿ ಗಟ್ಟಿಯಾಗಿ ಓದಬೇಕು? ರಾತ್ರಿ ಪಾಳಿ ಮುಗಿಸಿ ಬಂದ ತಂದೆ ಹಗಲು ಮಲಗಿರುತ್ತಾನೆ. ಪಕ್ಕದ ಕೋಣೆಯ ದೂರದರ್ಶನದ ಸದ್ದು ಗೋಡೆಯನ್ನು ದಾಟಿ ಬರುತ್ತದೆ. ‘ಮೆಲ್ಲಗೆ ಓದಿಕೋ ಮಗಾ’ ಎಂದು ತಾಯಿ ಹೇಳಿದರೆ ಅದು ಆಕೆಯ ಅಪರಾಧವಲ್ಲ. ಆದುದರಿಂದ ಮುಂಬಯಿಯ ಮಗುವಿನ ಪಾಲಿಗೆ ತನ್ನ ದನಿಯನ್ನು ತಾನೇ ಕೇಳಲು ಇರುವ ಸ್ಥಳ ಶಾಲೆಯೊಂದೇ. ಅಲ್ಲಿಯೂ ವಾರಕ್ಕೊಮ್ಮೆ ನಾಲ್ಕು ಸಾಲು ಓದಿಸಿ, ಅದರಲ್ಲಿ ಆರು ಸಲ ತಡೆದು ತಿದ್ದಿ ಕೂರಿಸಿದರೆ ಆ ಮಗು ಎಲ್ಲಿಗೆ ಹೋಗಬೇಕು?

ಮಾಡಬಹುದಾದುದು ಬಹಳ ಕಷ್ಟದ್ದೇನಲ್ಲ. ದಿನದ ಮೊದಲ ಐದು ನಿಮಿಷ ಅಧ್ಯಾಪಕನೇ ಪಠ್ಯದ ಹೊರಗಿನ ಕಥೆಯೊಂದನ್ನು ಓದಲಿ. ಪ್ರಶ್ನೆ ಕೇಳುವುದು ಬೇಡ, ಕಠಿಣ ಶಬ್ದಗಳ ಅರ್ಥ ಬರೆಸುವುದೂ ಬೇಡ. ಒಳ್ಳೆಯ ಓದನ್ನು ಕೇಳದ ಕಿವಿಯಿಂದ ಒಳ್ಳೆಯ ಓದು ಹೊರಡದು. ಬಳಿಕ ಮಕ್ಕಳು ಇಬ್ಬಿಬ್ಬರಾಗಿ ಕುಳಿತು ಒಬ್ಬರಿಗೊಬ್ಬರು ಓದಿಕೊಳ್ಳಲಿ. ವರ್ಗದಲ್ಲಿ ಗದ್ದಲವಾಗುವುದು ನಿಜ, ಮುಖ್ಯಾಧ್ಯಾಪಕರು ಬಂದು ಇಣುಕಿಯೂ ನೋಡಬಹುದು. ಆದರೆ ಹತ್ತು ನಿಮಿಷದಲ್ಲಿ ಇಪ್ಪತ್ತು ಮಕ್ಕಳು ಓದಿದಂತಾಯಿತು. ಎದ್ದು ನಿಂತು ಓದುವ ಮಗುವಿಗೆ ಆ ಪುಟವನ್ನು ಹಿಂದಿನ ದಿನವೇ ತಿಳಿಸಬೇಕು. ಸಿದ್ಧತೆಯಿಲ್ಲದೆ ಮಗುವನ್ನು ಎಬ್ಬಿಸಿ ನಿಲ್ಲಿಸುವುದು ಪರೀಕ್ಷೆಯಾದೀತು, ಶಿಕ್ಷಣವಾಗದು. ಒಂದೇ ಪುಟವನ್ನು ಮೂರು ನಾಲ್ಕು ಸಲ ಓದುವುದೂ ಕಾಲಹರಣವಲ್ಲ. ಹಿರಿಯರ ಮಾರ್ಗದರ್ಶನದಲ್ಲಿ ಮರಳಿ ಮರಳಿ ಗಟ್ಟಿಯಾಗಿ ಓದುವ ಮಕ್ಕಳಿಗೆ ಪದಗಳ ಗುರುತು, ಓದಿನ ಸರಾಗ, ಅರ್ಥಗ್ರಹಣ ಮೂರೂ ಹೆಚ್ಚುತ್ತವೆಂದು ಅಮೇರಿಕದ ರಾಷ್ಟ್ರೀಯ ವಾಚನ ಮಂಡಲಿಯು 2000ನೆಯ ಇಸವಿಯಲ್ಲಿ ಅನೇಕ ಪ್ರಯೋಗಗಳನ್ನು ತೂಗಿ ನೋಡಿ ವರದಿ ಮಾಡಿತು. ತೀರ ಅಂಜುವ ಮಗುವಿದ್ದರೆ ಅದನ್ನು ಒಂದನೆಯ ಇಯತ್ತೆಗೆ ಕಳಿಸಿ, ಅಲ್ಲಿನ ಚಿಕ್ಕವರಿಗೆ ಕಥೆ ಓದಿಹೇಳಲು ಬಿಡಿರಿ. ತನಗಿಂತ ಚಿಕ್ಕವರೆದುರಿಗೆ ಯಾವ ಮಗುವಿನ ದನಿಯೂ ನಡುಗುವುದಿಲ್ಲ.

ಅಳತೆಯ ವಿಷಯವಾಗಿ ಒಂದು ತಕರಾರಿದೆ. ಕೇಂದ್ರ ಸರಕಾರವು 2021ರ ಜುಲೈಯಲ್ಲಿ ಆರಂಭಿಸಿದ ‘ನಿಪುಣ ಭಾರತ’ ಯೋಜನೆಯು ಎರಡನೆಯ ಇಯತ್ತೆಯ ಮಗುವು ನಿಮಿಷಕ್ಕೆ 45ರಿಂದ 60 ಪದಗಳನ್ನೂ ಮೂರನೆಯದರ ಮಗುವು 60 ಪದಗಳನ್ನೂ ಅರ್ಥಸಹಿತ ಓದಬೇಕೆಂಬ ಗುರಿಯನ್ನಿಟ್ಟಿತು. ಗುರಿಯಿರುವುದು ಒಳ್ಳೆಯದೇ. ಆದರೆ ಪದವೆಂದರೆ ಯಾವುದು? ಹಿಂದಿಯಲ್ಲಿ ‘ಜಾನಾ ಚಾಹಿಯೇ ಥಾ ನ’ ಎಂಬ ನಾಲ್ಕು ಪದಗಳನ್ನು ನಮ್ಮ ಮಗುವು ‘ಹೋಗಬೇಕಾಗಿತ್ತಲ್ಲವೇ’ ಎಂದು ಒಂದೇ ಉಸಿರಿನಲ್ಲಿ ಓದಬೇಕು. ಗಡಿಯಾರದ ಮುಂದೆ ಇಬ್ಬರನ್ನೂ ಒಂದೇ ಸಂಖ್ಯೆಯಿಂದ ಅಳೆಯುವುದು ನ್ಯಾಯವಲ್ಲ. 2022ರಲ್ಲಿ ಎನ್.ಸಿ.ಇ.ಆರ್.ಟಿ. ಸಂಸ್ಥೆಯು 20 ಭಾಷೆಗಳಲ್ಲಿ ನಡೆಸಿದ ಅಧ್ಯಯನದಲ್ಲಿ ಒಂದೊಂದು ಭಾಷೆಗೂ ಬೇರೆ ಬೇರೆ ಮಟ್ಟವನ್ನು ಗೊತ್ತುಮಾಡಿದ್ದು ಈ ದೃಷ್ಟಿಯಿಂದ ಯೋಗ್ಯವಾದ ಕೆಲಸ. ನಮ್ಮ ವರ್ಗಗಳಲ್ಲಿಯೂ ಗಡಿಯಾರವನ್ನು ಸ್ವಲ್ಪ ದೂರವೇ ಇಡುವುದು ಮೇಲು. ಮಕ್ಕಳು ಬಲು ಬೇಗ ಜಾಣರಾಗುತ್ತಾರೆ. ವೇಗಕ್ಕೆ ಅಂಕವಿದೆಯೆಂದು ತಿಳಿದೊಡನೆ ಪೂರ್ಣವಿರಾಮಗಳನ್ನು ಹಾರಿ ಓಡತೊಡಗುತ್ತಾರೆ.

ಇಷ್ಟೆಲ್ಲ ಶ್ರಮ ಏತಕ್ಕೆ, ಕನ್ನಡ ಶಾಲೆಗಳಲ್ಲಿ ಮಕ್ಕಳೇ ಕಡಿಮೆಯಾಗುತ್ತಿದ್ದಾರಲ್ಲ ಎಂದು ಪಾಲಕರ ಸಭೆಯಲ್ಲಿ ಕೇಳುವವರಿದ್ದಾರೆ. ಮಕ್ಕಳು ಕಡಿಮೆಯಾಗುತ್ತಿರುವುದು ಸುಳ್ಳಲ್ಲ. ಇಂಗ್ಲಿಷ್ ಮಾಧ್ಯಮದ ಕಡೆಗೆ ಓಟ ಬಲವಾಗಿದೆ, ಹಿಂದೆ ಹೋಟೆಲು ಹುಡುಗರಿಂದ ತುಂಬಿರುತ್ತಿದ್ದ ಕನ್ನಡ ರಾತ್ರಿಶಾಲೆಗಳು ವಿರಳವಾಗಿವೆ. ಆದರೂ ನಮ್ಮೆದುರು ಇಂದು ಕುಳಿತಿರುವ ಮಗುವಿಗೆ ಆ ಲೆಕ್ಕದಿಂದ ಏನು? ವಾಕ್ಯದಲ್ಲಿ ಅರ್ಥವನ್ನು ಹುಡುಕಿ, ಅದಕ್ಕೆ ತಕ್ಕ ಉಸಿರು ಹಿಡಿದು, ನಾಲ್ಕು ಜನರ ಮುಂದೆ ಅಂಜದೆ ಓದುವ ಶಕ್ತಿಯು ಒಮ್ಮೆ ಕನ್ನಡದಲ್ಲಿ ಬಂದರೆ ಮರಾಠಿಗೂ ಇಂಗ್ಲಿಷಿಗೂ ಜೊತೆಯಾಗಿ ನಡೆಯುತ್ತದೆ. ಅಲ್ಲದೆ ನಮ್ಮ ಅನೇಕ ಮಕ್ಕಳ ತಾಯಂದಿರಿಗೆ ಓದಲು ಬಾರದು. ಊರಿನಿಂದ ಬಂದ ಜಮೀನಿನ ಕಾಗದವನ್ನೋ ಮದುವೆಯ ಕರೆಯೋಲೆಯನ್ನೋ ಮೊಬೈಲಿಗೆ ಬಂದ ಸಂದೇಶವನ್ನೋ ಮೂರನೆಯ ಇಯತ್ತೆಯ ಮಗಳೇ ಓದಿಹೇಳಬೇಕು. ಆಕೆ ರಾಗ ಎಳೆದು ಓದಿದರೆ ತಾಯಿಗೆ ಅರ್ಥವಾಗುವುದಿಲ್ಲ. ಬಿಡಿಸಿ, ನಿಲ್ಲಿಸಿ, ತಿಳಿದು ಓದಿದರೆ ಆ ಸಂಸಾರದ ಒಂದು ದಿನದ ಚಿಂತೆ ನೀಗುತ್ತದೆ. ಅಂಕಪಟ್ಟಿಯಲ್ಲಿ ಇದಕ್ಕೆ ಮನೆಯಿಲ್ಲ.

ಆದ್ದರಿಂದ ಈ ವರ್ಷದ ಸ್ನೇಹಸಮ್ಮೇಳನಕ್ಕೆ ನನ್ನದೊಂದು ಸೂಚನೆಯಿದೆ. ಕಂಠಪಾಠದ ಸ್ಪರ್ಧೆಯನ್ನು ಒಂದು ವರ್ಷದ ಮಟ್ಟಿಗೆ ಬಿಟ್ಟು, ಆ ಅರ್ಧ ತಾಸನ್ನು ಓದಿಗೆ ಕೊಡೋಣ. ಎರಡನೆಯ ಇಯತ್ತೆಯಿಂದ ನಾಲ್ಕನೆಯದರ ತನಕದ ಪ್ರತಿಯೊಂದು ಮಗುವೂ ಶಾಲೆಯ ವಾಚನಾಲಯದಿಂದ ತಾನೇ ಆರಿಸಿಕೊಂಡ ಪುಸ್ತಕದ ಒಂದು ಪುಟವನ್ನು, ತನ್ನ ವರ್ಗದ ಕೊಠಡಿಯಲ್ಲಿಯೇ, ತನ್ನ ತಾಯಿತಂದೆಯರ ಮುಂದೆ ಪುಸ್ತಕವನ್ನು ಕೈಯಲ್ಲಿ ಹಿಡಿದು ಓದಲಿ. ಧ್ವನಿವರ್ಧಕ ಬೇಡ, ಬಹುಮಾನವೂ ಬೇಡ. ಪುಸ್ತಕಗಳನ್ನು ಹೊರತೆಗೆದು ಧೂಳು ಒರೆಸುವ ಕೆಲಸಕ್ಕೆ ದೀಪಾವಳಿಯ ರಜೆಗೆ ಮುಂಚೆಯೇ ಕೈಹಚ್ಚಿದರೆ ಮಕ್ಕಳಿಗೆ ಓದಿಕೊಳ್ಳಲು ಮೂರು ವಾರಗಳಾದರೂ ಸಿಗುವುವು.